ಓದುಗರ ಪ್ರಶ್ನೆ: ರೈಫಲ್‌ಗೆ ಯಾವ ಹ್ಯಾಂಡ್‌ಗಾರ್ಡ್ ಹಾಕಲಿ?

ಈ ಸಲ ಬಂದ ಪತ್ರಗಳಲ್ಲಿ ಬಂದೂಕಿನ ಪ್ರಶ್ನೆಗಳೇ ಜಾಸ್ತಿ. ಹೆಚ್ಚಿನವು ಅಮೆರಿಕದಲ್ಲಿರುವ ಕನ್ನಡಿಗರದ್ದು, ಒಂದು ಮಾತ್ರ ಕೊಡಗಿನದ್ದು. ಸುತ್ತಿ ಬಳಸಿ ಎಲ್ಲರೂ ಕೇಳಿದ್ದು ಹೆಚ್ಚುಕಡಿಮೆ ಒಂದೇ ವಿಷಯ, ಹ್ಯಾಂಡ್‌ಗಾರ್ಡ್, ಅಂದರೆ ಬ್ಯಾರಲ್ (ನಳಿಗೆ) ಸುತ್ತ ಕೈ ಹಿಡಿಯಲು ಹಾಕುವ ಕವಚ. ಹಾಗಾಗಿ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಸರ್, ನಮ್ಮೂರು ಹಾಸನ. ಹದಿನಾಲ್ಕು ವರ್ಷದಿಂದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಮೊದಲ ಸಲ ಬಿಡಿಭಾಗ ತಂದು ಒಂದು ಎಆರ್-15 ರೈಫಲ್ ಜೋಡಿಸುತ್ತಿದ್ದೇನೆ. 16 ಇಂಚಿನ ಬ್ಯಾರಲ್, ಮಿಡ್‌ಲೆಂತ್ (ಮಧ್ಯಮ ಉದ್ದದ) ಗ್ಯಾಸ್ ವ್ಯವಸ್ಥೆ. ಎಲ್ಲರೂ ಫ್ರೀ ಫ್ಲೋಟ್ ಹ್ಯಾಂಡ್‌ಗಾರ್ಡ್ ಹಾಕಿ ಅಂತಾರೆ. 60 ಡಾಲರ್‌ನದ್ದೂ ಇದೆ, 300 ಡಾಲರ್‌ನದ್ದೂ ಇದೆ, ನೋಡೋಕೆ ಎಲ್ಲ ಒಂದೇ ಥರ. ನಾನು ರೇಂಜಿನಲ್ಲಿ 100, 200 ಗಜಕ್ಕೆ ಕಾಗದದ ಗುರಿಗೆ ಹೊಡೆಯುವವನು. ವರ್ಷಕ್ಕೆ ಒಂದೆರಡು ಸಲ ಗೆಳೆಯನ ಜಮೀನಿಗೆ ಕಾಡುಹಂದಿ ಹೊಡೆಯಲು ಹೋಗುತ್ತೇನೆ. ಯಾವುದು ತಗೊಳ್ಳಲಿ?

ಉತ್ತರ: ಫ್ರೀ ಫ್ಲೋಟ್‌ನದ್ದೇ ಹಾಕಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಏನು ಮಾಡುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಅದು ಗೊತ್ತಾದರೆ 60 ಡಾಲರ್‌ಗೂ 300 ಡಾಲರ್‌ಗೂ ಇರುವ ವ್ಯತ್ಯಾಸ ಅಂಗಡಿಯವನು ಹೇಳದೆಯೇ ನಿಮಗೆ ಕಾಣುತ್ತದೆ.

ಶಾಲೆಯಲ್ಲಿ ಸ್ಟೀಲ್ ಸ್ಕೇಲನ್ನು ಬೆಂಚಿನ ಅಂಚಿಗೆ ಒತ್ತಿ ಹಿಡಿದು, ಹೊರಗೆ ಚಾಚಿದ ತುದಿಯನ್ನು ಬೆರಳಿಂದ ಮೀಟಿ ಟೊಯ್ಂ ಅನ್ನಿಸುತ್ತಿದ್ದೆವು, ಅಲ್ವಾ? ಬ್ಯಾರಲ್ ಕೂಡ ಹಾಗೇ. ಒಂದು ತುದಿ ರಿಸೀವರ್‌ನಲ್ಲಿ, ಅಂದರೆ ರೈಫಲ್ಲಿನ ನಡುಭಾಗದ ಲೋಹದ ಒಡಲಿನಲ್ಲಿ, ಗಟ್ಟಿಯಾಗಿ ಕೂತಿದೆ, ಇನ್ನೊಂದು ತುದಿ ಗಾಳಿಯಲ್ಲಿದೆ. ಗುಂಡು ಹಾರುವಾಗ ಅದು ಕಂಪಿಸುತ್ತದೆ. ಪ್ರತಿ ಸಲ ಒಂದೇ ಥರ ಕಂಪಿಸಿದರೆ ಏನೂ ತೊಂದರೆ ಇಲ್ಲ, ಗುಂಡುಗಳು ಒಂದೇ ಕಡೆ ಬೀಳುತ್ತವೆ. ಈಗ ಸ್ಕೇಲಿನ ನಡುವೆ ಒಂದು ಬೆರಳಿಡಿ. ದನಿ ಬದಲಾಯಿತು. ಸ್ವಲ್ಪ ಒತ್ತಿದರೆ ಸ್ಕೇಲ್ ಬಾಗುತ್ತದೆ ಕೂಡ.

ಹಳೆ ಬಗೆಯ ಎಆರ್‌ನಲ್ಲಿ ಆ ಬೆರಳು ಯಾವಾಗಲೂ ಅಲ್ಲೇ ಇರುತ್ತದೆ. ಅದರ ಹ್ಯಾಂಡ್‌ಗಾರ್ಡ್ ಎರಡು ಪ್ಲಾಸ್ಟಿಕ್ ಹೋಳು. ಹಿಂದೆ ಸ್ಪ್ರಿಂಗ್ ಇರುವ ಡೆಲ್ಟಾ ರಿಂಗ್, ಮುಂದೆ ಬ್ಯಾರಲ್ ಮೇಲೇ ಕೂತ ತಗಡಿನ ಟೋಪಿ, ಎರಡರ ನಡುವೆ ಹೋಳುಗಳು ಸಿಕ್ಕಿಕೊಂಡಿರುತ್ತವೆ. ನೀವು ಹ್ಯಾಂಡ್‌ಗಾರ್ಡ್ ಒತ್ತಿ ಹಿಡಿದರೆ, ಬೈಪಾಡ್ (ಎರಡು ಕಾಲಿನ ಊರುಗೋಲು) ಹಾಕಿ ಮುಂದಕ್ಕೆ ಭಾರ ಬಿಟ್ಟರೆ, ಬೇಲಿ ಕಂಬಕ್ಕೆ ಒರಗಿಸಿದರೆ, ಆ ಒತ್ತಡವೆಲ್ಲ ಸೀದಾ ಬ್ಯಾರಲ್‌ಗೆ ಹೋಗುತ್ತದೆ. ಫ್ರೀ ಫ್ಲೋಟ್ ಹ್ಯಾಂಡ್‌ಗಾರ್ಡ್ ಹಿಂದುಗಡೆ, ಬ್ಯಾರಲ್ಲನ್ನು ರಿಸೀವರ್‌ಗೆ ಬಿಗಿಯುವ ಬ್ಯಾರಲ್ ನಟ್ ಹತ್ತಿರ ಮಾತ್ರ ಕೂರುತ್ತದೆ. ಮುಂದೆ ಎಲ್ಲೂ ಬ್ಯಾರಲ್ಲನ್ನು ಮುಟ್ಟುವುದಿಲ್ಲ. ಇಷ್ಟೇ ವಿಷಯ.

ಇದನ್ನು ಚೆನ್ನಾಗಿ ಅರಿತವರು ಸ್ಪರ್ಧೆಯವರು. ಒಹಾಯೊ ರಾಜ್ಯದ ಕ್ಯಾಂಪ್ ಪೆರಿ 1907ರಿಂದಲೂ ರಾಷ್ಟ್ರೀಯ ಶೂಟಿಂಗ್ ಸ್ಪರ್ಧೆಗಳಿಗೆ ಹೆಸರಾದ ಜಾಗ. ಅಲ್ಲಿ ಸರ್ವಿಸ್ ರೈಫಲ್ (ಸೇನೆಯ ಮಾದರಿಯ ರೈಫಲ್) ವಿಭಾಗದವರು 200, 300, 600 ಗಜಕ್ಕೆ ಹೊಡೆಯುತ್ತಾರೆ. ಕೂತು, ಮಲಗಿ ಹೊಡೆಯುವಾಗ ಚರ್ಮದ ಪಟ್ಟಿಯನ್ನು ತೋಳಿಗೆ ಬಿಗಿಯಾಗಿ ಸುತ್ತಿ ಎಳೆದು ಹಿಡಿಯುತ್ತಾರೆ. ಹಳೆ ರೈಫಲ್‌ನಲ್ಲಿ ಆ ಪಟ್ಟಿಯ ಕೊಂಡಿ ಇರುವುದು ಬ್ಯಾರಲ್‌ಗೆ ಬಿಗಿದ ಮುಂದಿನ ಸೈಟಿನ (ಗುರಿ ನೋಡುವ ಮೊನೆಯ) ಕೆಳಗೆ. ಅಂದರೆ ಪಟ್ಟಿ ಎಳೆದಷ್ಟೂ ಬ್ಯಾರಲ್ಲನ್ನೇ ಕೆಳಕ್ಕೆ ಜಗ್ಗಿದ ಹಾಗೆ. ಅದಕ್ಕೇ ಅವರು ಪ್ಲಾಸ್ಟಿಕ್ ಹೋಳುಗಳ ಒಳಗೆ ಕಾಣದ ಹಾಗೆ ಒಂದು ಲೋಹದ ಕೊಳವೆ ಕೂರಿಸಿ, ಪಟ್ಟಿಯ ಕೊಂಡಿಯನ್ನು ಆ ಕೊಳವೆಗೆ ಬಿಗಿದರು. ಹೊರಗಿಂದ ನೋಡಿದರೆ ಸೇನೆಯ ರೈಫಲ್, ಒಳಗೆ ಬ್ಯಾರಲ್ ಆರಾಮಾಗಿ ತೇಲುತ್ತಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ನಿಧಾನವಾಗಿ ಹೊಡೆದರೆ, ಫ್ರೀ ಫ್ಲೋಟ್ ಹಾಕಿದ ಮಾತ್ರಕ್ಕೆ ನಿಮ್ಮ ಗುಂಪು (ಕಾಗದದ ಮೇಲೆ ಗುಂಡುಗಳು ಬಿದ್ದ ಹರವು) ಅರ್ಧಕ್ಕೆ ಇಳಿಯುವುದಿಲ್ಲ. ಗುಂಪಿನ ಗಾತ್ರ ಬಹುಪಾಲು ಬ್ಯಾರಲ್ ಮತ್ತು ಕಾಡತೂಸಿನ ಕೈಲಿದೆ. ಇದು ತಪ್ಪಿಸುವುದು ಬೇರೆಯದನ್ನು. ಚೀಲದ ಮೇಲೆ ಇಟ್ಟಾಗ ಒಂದು ಕಡೆ, ಬೈಪಾಡ್ ಮೇಲೆ ಇನ್ನೊಂದು ಕಡೆ, ಪಟ್ಟಿ ಎಳೆದಾಗ ಮತ್ತೊಂದು ಕಡೆ ಗುಂಡು ಬೀಳುತ್ತದಲ್ಲ, ಅದನ್ನು. ಹಂದಿಗೆ ಹೋದಾಗ ನೀವು ಗಾಡಿಯ ಬಾನೆಟ್ಟಿಗೋ ಮರದ ಕೊಂಬೆಗೋ ಒರಗಿಸಿ ಹೊಡೆಯುತ್ತೀರಿ, ಅಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಈಗ ಆಯ್ಕೆಗೆ ಬರೋಣ. ಫೋಟೋದಲ್ಲಿ ಎಲ್ಲರೂ ಮುಂದಿನ ತುದಿ ನೋಡುತ್ತಾರೆ, ಎಷ್ಟು ತೂತು, ಎಷ್ಟು ಸಪೂರ ಅಂತ. ನೀವು ಹಿಂದಿನ ತುದಿ ನೋಡಿ. 13, 15 ಇಂಚಿನ ಕೊಳವೆ ನಿಂತಿರುವುದು ಹಿಂದಿನ ಒಂದೆರಡು ಇಂಚಿನ ಹಿಡಿತದ ಮೇಲೆ ಮಾತ್ರ. ಬ್ಯಾರಲ್ ನಟ್ ಚಿಕ್ಕದಾಗಿದ್ದು, ಕೊಳವೆಯನ್ನು ಎರಡೇ ಎರಡು ಸಣ್ಣ ಸ್ಕ್ರೂ ಹಿಡಿದಿದ್ದರೆ, ಮುಂದಿನ ತುದಿಯಲ್ಲಿ ಕೈ ಒತ್ತಿದಾಗ ಅದು ಬಾಗುತ್ತದೆ. ಬಾಗಿ ಬ್ಯಾರಲ್‌ಗೆ ತಾಗಿದರೆ ಫ್ಲೋಟ್ ಅನ್ನುವುದು ಹೆಸರಿಗೆ ಮಾತ್ರ. ನಟ್ ಉದ್ದ ಇರಬೇಕು, ಕೊಳವೆ ಅದರ ಮೇಲೆ ಲೊಡಲೊಡ ಇಲ್ಲದೆ ಜಾರಿ ಕೂರಬೇಕು, ಸ್ಕ್ರೂಗಳು ಅಡ್ಡಕ್ಕೆ ಹಾದು ಸುತ್ತಲೂ ಬಿಗಿಯಬೇಕು. ಜೊತೆಗೆ ರಿಸೀವರ್‌ನ ಎರಡೂ ಕೆನ್ನೆಗೆ ತಾಗುವ ಹಾಗೆ ಚಿಕ್ಕ ಕಿವಿಗಳಿರಬೇಕು, ಕೊಳವೆ ಸುತ್ತು ತಿರುಗದಂತೆ ತಡೆಯುವುದು ಅವೇ. ಬೆಲೆ ಏರುವುದು ಮುಖ್ಯವಾಗಿ ಇಲ್ಲಿಗೆ. ಹ್ಯಾಂಡ್‌ಗಾರ್ಡ್ ಮೇಲೆ ಮುಂದಿನ ಸೈಟ್ ಅಥವಾ ಲೇಸರ್ ಹಾಕುವ ಯೋಚನೆ ಇದ್ದರೆ ಇದರಲ್ಲಿ ಕಂಜೂಸಿ ಬೇಡವೇ ಬೇಡ. ಕೊಳವೆ ಕೂದಲೆಳೆಯಷ್ಟು ತಿರುಗಿದರೂ ಸೈಟ್ ಅದರ ಜೊತೆ ತಿರುಗುತ್ತದೆ. ಬರೀ ಸ್ಕೋಪ್ ಹಾಕುವವರಾದರೆ ಸ್ಕೋಪ್ ಕೂರುವುದು ರಿಸೀವರ್ ಮೇಲೆ, ಆಗ ಅಷ್ಟು ಆತಂಕ ಬೇಡ.

ಇನ್ನು ಒಳಗಿನ ಜಾಗ. ಇದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಮೊದಲ ರೈಫಲ್‌ಗೆ ತುಂಬಾ ಸಪೂರದ, ಕೈಗೆ ಚೆನ್ನಾಗಿ ಕೂರುವ ಒಂದು ಹ್ಯಾಂಡ್‌ಗಾರ್ಡ್ ತಂದಿದ್ದೆ. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ಗುಂಪು ಒಂದು ದಿನ ಚೆನ್ನಾಗಿ ಬರುವುದು, ಇನ್ನೊಂದು ದಿನ ಮೇಲಕ್ಕೆ ಹೋಗುವುದು. ಸ್ಕೋಪ್ ಬದಲಾಯಿಸಿದೆ, ಕಾಡತೂಸು ಬದಲಾಯಿಸಿದೆ, ಎರಡು ತಿಂಗಳು ಹೋಯಿತು. ಕೊನೆಗೆ ಒಂದು ರಾತ್ರಿ ಅಡುಗೆಮನೆಯ ಟೇಬಲ್ ಮೇಲೆ ಬಟ್ಟೆ ಹಾಸಿ ಕೊಳವೆ ಕಳಚಿದೆ. ಬ್ಯಾರಲ್‌ನಿಂದ ಗ್ಯಾಸ್ ಹಿಂದಕ್ಕೆ ಕಳಿಸುವ ಗ್ಯಾಸ್ ಬ್ಲಾಕಿನ ಕೆಳ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗದ ಕಪ್ಪು ಬಣ್ಣ ಹೋಗಿ ಬಿಳಿ ಲೋಹ ಮಿನುಗುತ್ತಿತ್ತು. ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಸರಿಯಾಗಿ ಅದೇ ಎತ್ತರದಲ್ಲಿ ಒಂದು ಗೀರು. ಕೈಯಲ್ಲಿ ಹಿಡಿದಾಗ ತಾಗುತ್ತಿರಲಿಲ್ಲ, ಬೈಪಾಡ್ ಮೇಲೆ ಭಾರ ಬಿಟ್ಟಾಗ ತಾಗುತ್ತಿತ್ತು. ನಾನು ಹಾಕಿದ್ದು ಅಡ್ಜಸ್ಟಬಲ್ ಗ್ಯಾಸ್ ಬ್ಲಾಕ್, ಅದು ಮಾಮೂಲಿಗಿಂತ ದಪ್ಪ.

ಹಾಗಾಗಿ ದುಡ್ಡು ಕೊಡುವ ಮೊದಲು ಕೊಳವೆಯ ಒಳ ಅಳತೆ ಮತ್ತು ನಿಮ್ಮ ಗ್ಯಾಸ್ ಬ್ಲಾಕಿನ ಹೊರ ಅಳತೆ ಎರಡನ್ನೂ ನೋಡಿ. ನಿಮ್ಮಂಥ ಬ್ಯಾರಲ್‌ನಲ್ಲಿ ಗ್ಯಾಸ್ ಬ್ಲಾಕ್ ಕೂರುವ ಜಾಗ ಸಾಮಾನ್ಯವಾಗಿ 0.750 ಇಂಚು, ಪೆನ್ಸಿಲ್ (ಸಪೂರದ) ಬ್ಯಾರಲ್ ಆದರೆ 0.625. ಲೋ ಪ್ರೊಫೈಲ್ (ತಗ್ಗಿನ) ಬ್ಲಾಕನ್ನೇ ತಗೊಳ್ಳಿ. ಹಳೆಯ ತ್ರಿಕೋನದ ಸೈಟ್ ಇರುವ ಬ್ಲಾಕ್ ಇದ್ದರೆ ಉದ್ದದ ಕೊಳವೆ ಅದರ ಮೇಲೆ ಹೋಗುವುದೇ ಇಲ್ಲ. ಸಪ್ರೆಸರ್ (ಸದ್ದು ತಗ್ಗಿಸುವ ಸಾಧನ) ಹಾಕಿ ಅದರ ಹಿಂಭಾಗ ಕೊಳವೆಯೊಳಗೆ ಸೇರಿಸುವ ಆಸೆ ಇದ್ದರೆ ಇನ್ನೂ ಅಗಲದ ಕೊಳವೆ ಬೇಕು. ಅದರ ಬಿಸಿ ನೇರವಾಗಿ ನಿಮ್ಮ ಬೆರಳಿಗೆ ಬರುತ್ತದೆ ಅನ್ನುವುದೂ ನೆನಪಿರಲಿ.

ಉದ್ದ ಎಷ್ಟು? ಮಿಡ್‌ಲೆಂತ್‌ನಲ್ಲಿ ಗ್ಯಾಸ್ ಬ್ಲಾಕ್ ರಿಸೀವರ್‌ನಿಂದ ಸುಮಾರು 9 ಇಂಚಿನಲ್ಲಿ ಕೂರುತ್ತದೆ. ಅದನ್ನು ಮುಚ್ಚಿ ಮುಂದೆ ಹೋಗಬೇಕು ಅಂದರೆ 12ರಿಂದ 15 ಇಂಚು. ನಿಮ್ಮ ಕೆಲಸಕ್ಕೆ ನಾನಾದರೆ 13 ತಗೊಳ್ಳುತ್ತೇನೆ. 15ರಲ್ಲಿ ಬೈಪಾಡ್ ಇನ್ನೂ ಮುಂದೆ ಹೋಗುತ್ತದೆ, ಕೈ ಚಾಚಿ ಹಿಡಿಯುವವರಿಗೆ ಅದು ಹಿತ. ಆದರೆ ಮೂತಿಯ ಕಡೆ ತೂಕ ಕೂಡುತ್ತದೆ, ಕತ್ತಲಲ್ಲಿ ಹಂದಿ ಹಿಂದೆ ಎರಡು ಗಂಟೆ ನಡೆದಾಗ ಆ ತೂಕ ತಿಳಿಯುತ್ತದೆ. ಚಿಕ್ಕದಾಗಿ ಕಾಣಲಿ ಅಂತ ಬ್ಯಾರಲ್ಲನ್ನೇ 16 ಇಂಚಿಗಿಂತ ಕಡಿಮೆ ಮಾಡಲು ಹೋಗಬೇಡಿ. ಅದು ಶಾರ್ಟ್ ಬ್ಯಾರಲ್ ರೈಫಲ್ ಆಗುತ್ತದೆ, ಎಟಿಎಫ್ (ಬಂದೂಕು ಕಾನೂನು ನೋಡಿಕೊಳ್ಳುವ ಅಮೆರಿಕದ ಫೆಡರಲ್ ಸಂಸ್ಥೆ) ಅನುಮತಿ ಮೊದಲೇ ಕೈಗೆ ಬಂದಿರಬೇಕು.

ಬಿಡಿಸಾಮಾನು ಸಿಕ್ಕಿಸುವ ತೂತುಗಳ ವಿಷಯ ಬೇಗ ಮುಗಿಸೋಣ. ಎಂ-ಲಾಕ್ ತಗೊಳ್ಳಿ. ಹಿಂದೆ ನಾಲ್ಕೂ ಕಡೆ ಹಲ್ಲು ಹಲ್ಲಾಗಿರುವ ಪಿಕಾಟಿನಿ ರೈಲ್ ಇತ್ತು, ಭಾರ, ಕೈ ತರಚುತ್ತಿತ್ತು. ಆಮೇಲೆ ಕೀಮಾಡ್, ಅದರ ಬೆನ್ನಿಗೇ ಮ್ಯಾಗ್‌ಪುಲ್ ಕಂಪನಿಯ ಎಂ-ಲಾಕ್ ಬಂತು. ಅಮೆರಿಕ ನೌಕಾಪಡೆಯ ಕ್ರೇನ್ ಕೇಂದ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದಾಗ ಎಂ-ಲಾಕ್ ಮುಂದೆ ನಿಂತಿತು. ಈಗ ಬೈಪಾಡ್, ದೀಪ, ಪಟ್ಟಿಯ ಕೊಂಡಿ ಎಲ್ಲ ಅದಕ್ಕೇ ಸುಲಭವಾಗಿ ಸಿಗುತ್ತವೆ. ಲೋಹ 6061 ಅಲ್ಯೂಮಿನಿಯಂ ಆದರೆ ಧಾರಾಳವಾಗಿ ಸಾಕು. ಕಾರ್ಬನ್ ಫೈಬರ್ ಹಗುರ, ಬಿಸಿಲಲ್ಲೂ ಚಳಿಯಲ್ಲೂ ಕೈಗೆ ಹಿತ, ಬೆಲೆ ಮಾತ್ರ ಜಾಸ್ತಿ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ: 60 ಡಾಲರ್‌ನದ್ದು ಬೇಡ, 300ರದ್ದು ನಿಮಗೆ ಬೇಕಾಗಿಲ್ಲ. 150ರ ಆಸುಪಾಸಿನಲ್ಲಿ ಏರೋ ಪ್ರಿಸಿಷನ್, ಮಿಡ್‌ವೆಸ್ಟ್ ಇಂಡಸ್ಟ್ರೀಸ್ ಥರದವರದ್ದು ನೋಡಿ. ಉಳಿದ ದುಡ್ಡನ್ನು ಒಳ್ಳೆ ಬ್ಯಾರಲ್‌ಗೆ ಹಾಕಿ, ಇನ್ನೂ ಉಳಿದರೆ ಕಾಡತೂಸಿಗೆ. ಜೋಡಿಸಿದ ಮೇಲೆ 100 ಗಜಕ್ಕೆ ಹತ್ತು ಗುಂಡು ಚೀಲದ ಮೇಲಿಂದ, ಹತ್ತು ಬೈಪಾಡ್ ಮೇಲೆ ಭಾರ ಬಿಟ್ಟು, ಹತ್ತು ಪಟ್ಟಿ ಬಿಗಿದು, ಬೇರೆ ಬೇರೆ ಕಾಗದಕ್ಕೆ ಹೊಡೆಯಿರಿ. ಗುಂಪಿನ ಗಾತ್ರ ಬಿಡಿ, ಗುಂಪಿನ ನಡುಬಿಂದು ಮೂರರಲ್ಲೂ ಒಂದೇ ಕಡೆ ಇದೆಯಾ ನೋಡಿ. ಇದ್ದರೆ ನೀವು ತಂದ ಹ್ಯಾಂಡ್‌ಗಾರ್ಡ್ ಸರಿಯಾಗಿದೆ.

ಪ್ರಶ್ನೆ: ನಾನು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಿಂದ. ಹ್ಯಾಂಡ್‌ಗಾರ್ಡ್ ಬಂದಿದೆ. ಮನೆಯಲ್ಲಿ ಪಾನಾ ಇದೆ, ವೈಸ್ ಇದೆ. ನಾನೇ ಕೂರಿಸಬಹುದಾ, ಅಂಗಡಿಗೆ ಕೊಡಲಾ?

ಉತ್ತರ: ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಇದೆ ಅಂತ ನೀವು ಬರೆದಿಲ್ಲ. ಅದಿಲ್ಲದೆ ಕೈ ಹಾಕಬೇಡಿ. ಬ್ಯಾರಲ್ ನಟ್‌ಗೆ ಸೇನೆಯ ಕೈಪಿಡಿಯ ಲೆಕ್ಕ 30ರಿಂದ 80 ಅಡಿ-ಪೌಂಡ್. ನಿಮ್ಮ ಹ್ಯಾಂಡ್‌ಗಾರ್ಡಿನ ಜೊತೆ ಬಂದ ಚೀಟಿಯಲ್ಲಿ ಬೇರೆ ಲೆಕ್ಕ ಇದ್ದರೆ ಚೀಟಿಯದ್ದೇ ಸರಿ. ಕೊಳವೆಯ ಸಣ್ಣ ಸ್ಕ್ರೂಗಳಿಗೆ ಕೊಟ್ಟಿರುವುದು ಇಂಚು-ಪೌಂಡ್. ಹನ್ನೆರಡು ಇಂಚು-ಪೌಂಡ್ ಸೇರಿದರೆ ಒಂದು ಅಡಿ-ಪೌಂಡ್. ಇವೆರಡನ್ನು ಗಲಿಬಿಲಿ ಮಾಡಿಕೊಂಡು ಸ್ಕ್ರೂ ತಲೆ ಮುರಿದುಕೊಂಡವರನ್ನು ನಾನು ನೋಡಿದ್ದೇನೆ, ಮುರಿದ ಸ್ಕ್ರೂ ತೆಗೆಯುವುದು ಹಲ್ಲು ಕೀಳಿಸಿದ ಹಾಗೆ.

ಮೊದಲು ರೈಫಲ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಕಾಡತೂಸಿನ ಡಬ್ಬಿ ಆ ಕೋಣೆಯಲ್ಲೇ ಬೇಡ. ಅಪ್ಪರ್ ರಿಸೀವರನ್ನು ಬರೀ ವೈಸಿನಲ್ಲಿ ಹಿಡಿಯಬೇಡಿ, ಅದು ಅಲ್ಯೂಮಿನಿಯಂ, ಹಿಸುಕಿಹೋಗುತ್ತದೆ. ಅದಕ್ಕೆಂದೇ ಹಿಡಿಕೆ ಬ್ಲಾಕ್ ಅಥವಾ ಒಳಗಿಂದ ಬ್ಯಾರಲ್ಲನ್ನು ಹಿಡಿಯುವ ಸರಳು ಸಿಗುತ್ತದೆ. ನಟ್ಟಿನ ಮರೆಗೆ (ತಿರುಗಿಸುವ ಸುರುಳಿ ಎಳೆಗೆ) ಮಾಲಿಬ್ಡಿನಂ ಗ್ರೀಸ್ ಸವರಿ. ಗ್ರಾಫೈಟ್ ಇರುವ ಗ್ರೀಸ್ ಬೇಡ, ಅಲ್ಯೂಮಿನಿಯಂ ಮತ್ತು ಸ್ಟೀಲ್ ಸೇರುವ ಕಡೆ ಅದು ತುಕ್ಕಿಗೆ ದಾರಿ. ಒಂದೇ ಸಲಕ್ಕೆ ಬಿಗಿದು ಬಿಡಬೇಡಿ. ಬಿಗಿ, ಸಡಿಲಿಸು, ಮತ್ತೆ ಬಿಗಿ, ಹೀಗೆ ಎರಡು ಮೂರು ಸಲ ಮಾಡಿದರೆ ಮರೆಗಳು ಚೆನ್ನಾಗಿ ಕೂರುತ್ತವೆ.

ಎಲ್ಲರೂ ಮರೆಯುವುದು ಗ್ಯಾಸ್ ಟ್ಯೂಬ್. ಅದು ನಟ್ಟಿನ ಹಲ್ಲಿನ ನಡುವೆ ಅಥವಾ ತೂತಿನಲ್ಲಿ ಹಾದು ರಿಸೀವರ್‌ಗೆ ಹೋಗುತ್ತದೆ. ಯಾವ ಬದಿಗೂ ಒತ್ತದೆ ನಡುವೆ ನಿಲ್ಲಬೇಕು. ಬಾಗಿ ನುಗ್ಗಿಸಿದರೆ ಬ್ಯಾರಲ್ಲನ್ನು ಮುಟ್ಟದ ಕೊಳವೆ ತಂದು ಏನು ಬಂತು, ಟ್ಯೂಬೇ ಬ್ಯಾರಲ್ಲನ್ನು ತಳ್ಳುತ್ತಿರುತ್ತದೆ. ಕೊನೆಗೆ ರಿಸೀವರ್ ಮೇಲಿನ ರೈಲ್ ಮತ್ತು ಹ್ಯಾಂಡ್‌ಗಾರ್ಡಿನ ರೈಲ್ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಸಮ ಇದೆಯಾ ನೋಡಿ. ಸಮ ಇದ್ದರೂ ಸ್ಕೋಪಿನ ಮೌಂಟನ್ನು ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಅಂತ ಎರಡಕ್ಕೂ ಸೇರಿಸಿ ಬಿಗಿಯಬೇಡಿ. ಪೂರ್ತಿ ರಿಸೀವರ್ ಮೇಲೇ ಇರಲಿ. ಇಷ್ಟು ತಾಳ್ಮೆ ಇದ್ದರೆ ನೀವೇ ಮಾಡಿ. ಇಲ್ಲವಾದರೆ ಗನ್‌ಸ್ಮಿತ್ ಹತ್ತಿರ ಹೋಗಿ, ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ.

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇನೆ, ಎಚ್-1ಬಿ ವೀಸಾ. ಹ್ಯಾಂಡ್‌ಗಾರ್ಡ್, ಬ್ಯಾರಲ್ ಎಲ್ಲ ಪೋಸ್ಟಿನಲ್ಲಿ ಮನೆಗೇ ಬರುತ್ತದಂತೆ, ಯಾರೂ ಏನೂ ಕೇಳುವುದಿಲ್ಲವಂತೆ. ನಾನೂ ಜೋಡಿಸಬಹುದಲ್ವಾ?

ಉತ್ತರ: ತಮ್ಮಾ, ದಯವಿಟ್ಟು ಇಲ್ಲಿ ನಿಲ್ಲಿಸಿ. ಹ್ಯಾಂಡ್‌ಗಾರ್ಡ್ ಮನೆಗೆ ಬರುವುದು ನಿಜ, ಯಾಕೆಂದರೆ ಕಾನೂನಿನ ಲೆಕ್ಕದಲ್ಲಿ ಬಂದೂಕು ಅಂದರೆ ಕೆಳಗಿನ ರಿಸೀವರ್, ಅದನ್ನು ಪೋಸ್ಟಿನಲ್ಲಿ ತರಿಸುವುದಾದರೆ ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ತರಿಸಬೇಕು. ಆದರೆ ನಿಮ್ಮ ತೊಂದರೆ ಬೇರೆ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಕಾಡತೂಸನ್ನಾಗಲಿ ಇಟ್ಟುಕೊಳ್ಳಬಾರದು ಅಂತ ಅಮೆರಿಕದ ಫೆಡರಲ್ ಕಾನೂನು ಹೇಳುತ್ತದೆ. ಕೆಲವು ವಿನಾಯಿತಿಗಳಿವೆ, ಮುಖ್ಯವಾದದ್ದು ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್. ಟೆಕ್ಸಾಸ್‌ನಲ್ಲಿ ಖಾಸಗಿ ಜಮೀನಿನ ಕಾಡುಹಂದಿಗೆ ಮಾಲೀಕರ ಒಪ್ಪಿಗೆ ಇದ್ದರೆ 2019ರಿಂದ ಲೈಸೆನ್ಸ್ ಬೇಕಿಲ್ಲ, ಅದು ಬೇರೆ ಮಾತು. ನಿಮಗೆ ಲೈಸೆನ್ಸ್ ಬೇಕಾಗಿರುವುದು ಹಂದಿಗಲ್ಲ, ಬಂದೂಕು ಮುಟ್ಟುವುದಕ್ಕೆ. ತಪ್ಪಿದರೆ ಅದು ಗಂಭೀರ ಅಪರಾಧ. ವೀಸಾ, ಕೆಲಸ, ಮನೆ ಮಂದಿಯ ಬದುಕು ಎಲ್ಲ ಅದರಲ್ಲಿ ಹೋಗಬಹುದು. ವಕೀಲರಿಗೆ ಒಂದು ಗಂಟೆಯ ಫೀಸ್ ಕೊಟ್ಟು ಕೇಳಿ.

ಇದೇ ಮಾತು ಊರಿಂದ ಬಂದ ಅಪ್ಪ ಅಮ್ಮನಿಗೂ ಅನ್ವಯಿಸುತ್ತದೆ. ಅವರದ್ದೂ ತಾತ್ಕಾಲಿಕ ವೀಸಾನೇ. ಖುಷಿಗೆ ಅಂತ ರೇಂಜಿಗೆ ಕರೆದುಕೊಂಡು ಹೋಗಿ ಕೈಗೆ ರೈಫಲ್ ಕೊಡುವ ಮುನ್ನ ಯೋಚಿಸಿ. ಸಿಯಾಟಲ್ ಕಡೆಯವರಿಗೂ ಒಂದು ಮಾತು: ವಾಷಿಂಗ್ಟನ್ ರಾಜ್ಯದಲ್ಲಿ 2023ರ ಏಪ್ರಿಲ್‌ನಿಂದ ಎಆರ್-15 ಬಗೆಯ ರೈಫಲ್ ಮಾರುವುದಕ್ಕೂ ಹೊಸದಾಗಿ ತಯಾರಿಸುವುದಕ್ಕೂ ನಿಷೇಧ ಇದೆ, ಅಲ್ಲಿ ಗ್ರೀನ್ ಕಾರ್ಡ್ ಇದ್ದರೂ ಈ ದಾರಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹ್ಯಾಂಡ್‌ಗಾರ್ಡಿಗೆ ಸಿಕ್ಕಿಸುವ ಮುಂದಿನ ಪಿಸ್ತೂಲ್ ಹಿಡಿಕೆಯೊಂದೇ ರೈಫಲ್ಲನ್ನು ನಿಷೇಧದ ಪಟ್ಟಿಗೆ ತಳ್ಳಬಹುದು.

ಪ್ರಶ್ನೆ: ನಾವು ಕೊಡಗಿನ ಸೋಮವಾರಪೇಟೆ ಕಡೆಯವರು. ನಮ್ಮ ಮನೆಯಲ್ಲಿ ಅಜ್ಜನ ಕಾಲದ .22 ಬೋಲ್ಟ್ ರೈಫಲ್ ಇದೆ, ಮರದ ಹಿಡಿ. ಕೈಲ್‌ಪೊಳ್ದ್ ಸಮಯದ ತೆಂಗಿನಕಾಯಿ ಸ್ಪರ್ಧೆಗೆ ಅದನ್ನೇ ಒಯ್ಯುತ್ತೇವೆ. ಬೇಸಿಗೆಯಲ್ಲಿ ಸರಿಯಾಗಿ ಬೀಳುವ ಗುಂಡು ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬದಿಗೆ ಹೋಗುತ್ತದೆ. ನೀವು ಹೇಳುವ ಫ್ರೀ ಫ್ಲೋಟ್ ಇದಕ್ಕೂ ಆಗುತ್ತದಾ?

ಉತ್ತರ: ಈ ಪ್ರಶ್ನೆ ಓದಿ ನನಗೆ ತುಂಬಾ ಸಂತೋಷವಾಯಿತು, ಯಾಕೆಂದರೆ ಕಾಯಿಲೆ ಏನು ಅಂತ ನೀವೇ ಅರ್ಧ ಹೇಳಿಬಿಟ್ಟಿದ್ದೀರಿ. ಮರ ನೀರು ಕುಡಿಯುತ್ತದೆ. ಜೂನ್‌ನಿಂದ ಸುರಿಯುವ ಕೊಡಗಿನ ಮಳೆಯಲ್ಲಿ ಹಿಡಿಯ ಮುಂಭಾಗ ಉಬ್ಬಿ ಒಂದು ಬದಿಯಿಂದ ಬ್ಯಾರಲ್‌ಗೆ ಒತ್ತುತ್ತಿರಬೇಕು. ಸೆಪ್ಟೆಂಬರ್ ಶುರುವಿನ ಹಬ್ಬದ ಹೊತ್ತಿಗೆ ಅದು ಇನ್ನೂ ಆರಿರುವುದಿಲ್ಲ. ನಿಮ್ಮ ರೈಫಲ್‌ಗೆ ಲೋಹದ ಕೊಳವೆ ಏನೂ ಬೇಕಾಗಿಲ್ಲ, ಮರ ಬ್ಯಾರಲ್ಲನ್ನು ಬಿಟ್ಟುಕೊಟ್ಟರೆ ಸಾಕು.

ಹೀಗೆ ಮಾಡಿ. ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಒಂದು ಹತ್ತು ರೂಪಾಯಿ ನೋಟನ್ನು ಬ್ಯಾರಲ್ ಕೆಳಗೆ ತೊಟ್ಟಿಲಿನಂತೆ ಸುತ್ತಿ, ಎರಡೂ ತುದಿ ಹಿಡಿದು ಮೂತಿಯಿಂದ ಹಿಂದಕ್ಕೆ ಎಳೆಯುತ್ತಾ ಬನ್ನಿ. ಮರಕ್ಕೂ ಬ್ಯಾರಲ್‌ಗೂ ನಡುವೆ ಜಾಗ ಇದ್ದರೆ ನೋಟು ಸಲೀಸಾಗಿ ರಿಸೀವರ್ ತನಕ ಬರುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೇ ತಾಗುತ್ತಿದೆ. ಇದನ್ನು ಒಮ್ಮೆ ಮಳೆಗಾಲ ಮುಗಿಯುವ ಹೊತ್ತಿಗೆ ಮಾಡಿ, ಇನ್ನೊಮ್ಮೆ ಮಾರ್ಚ್‌ನಲ್ಲಿ ಮಾಡಿ, ಎರಡು ಸಲವೂ ಎಲ್ಲಿ ನಿಂತಿತು ಅಂತ ಬರೆದಿಡಿ. ಆದರೆ ಒಂದು ಎಚ್ಚರಿಕೆ: ಕೆಲವು ಹಳೆಯ .22 ರೈಫಲ್‌ಗಳಲ್ಲಿ ಹಿಡಿಯ ಮುಂದಿನ ತುದಿಯಲ್ಲಿ ತಯಾರಿಸಿದವರೇ ಬೇಕೆಂದು ಸಣ್ಣ ಒತ್ತಡ ಇಟ್ಟಿರುತ್ತಾರೆ. ನೋಟು ತುದಿಯಲ್ಲೇ, ಎರಡೂ ಬದಿಗೆ ಸಮನಾಗಿ ನಿಂತರೆ ಅದು ಬಹುಶಃ ಹಾಗೇ ಇರಬೇಕಾದದ್ದು. ಒಂದೇ ಬದಿಗೆ, ನಡುವಲ್ಲಿ ಸಿಕ್ಕಿಕೊಂಡರೆ ಮರ ಉಬ್ಬಿದೆ.

ಮರಳುಕಾಗದ ಹಿಡಿದು ನೀವೇ ಉಜ್ಜಲು ಹೋಗಬೇಡಿ, ಅಜ್ಜನ ಹಿಡಿ ಮತ್ತೆ ಸಿಗುವುದಿಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನ ವಿನಾಯಿತಿ ಇದೆ, ಆದರೆ ಬಂದೂಕು ರಿಪೇರಿ ಮಾಡಿಕೊಡುವವರಿಗೆ ಅದರದ್ದೇ ಲೈಸೆನ್ಸ್ ಇರಬೇಕು, ಅಂಥವರ ಹತ್ತಿರವೇ ಒಯ್ಯಿರಿ. ಉಬ್ಬಿದ ಕಡೆ ತೆಳ್ಳಗೆ ಹೆರೆದು, ಹೆರೆದ ಜಾಗಕ್ಕೂ ಬ್ಯಾರಲ್ ಕೂರುವ ಒಳಗಿನ ತೋಡಿಗೂ ನೀರು ಇಳಿಯದಂತೆ ವಾರ್ನಿಷ್ ಹಚ್ಚಲು ಹೇಳಿ. ಹಿಡಿಯ ಹೊರಗೆ ಎಷ್ಟು ಎಣ್ಣೆ ಹಚ್ಚಿ ಮಿರಮಿರ ಅನ್ನಿಸಿದರೂ ಒಳಗಿನ ತೋಡನ್ನು ಯಾರೂ ನೋಡಿರುವುದಿಲ್ಲ, ನೀರು ಹೋಗುವುದು ಅಲ್ಲಿಂದಲೇ. ಅಂಗಡಿಗೆ ಹೋಗುವಾಗ ನೋಟು ನಿಂತ ಜಾಗಕ್ಕೆ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿಕೊಂಡು ಹೋಗಿ. ಅವರಿಗೆ ಎಲ್ಲಿ ಹೆರೆಯಬೇಕು ಅಂತ ಹುಡುಕುವ ಕೆಲಸ ಇರುವುದಿಲ್ಲ.